ಬಣ್ಣದ ಮಾನಿಟರ್

ನನ್ನ ಗಂಡನಾಗಲಿರುವವನಿಗೆ ಒಂದು ಒಳ್ಳೆಯ ಮಾನಿಟರ್ ಆರಿಸಿಕೊಡು ಎಂದು ಅಪ್ಪ ಕೇಳಿದ್ದು ಯಾರನ್ನು ಗೊತ್ತೇ? ಗಂಡನಾದರೆ ಇವನೇ ಆಗಲಿ ಎಂದು ನಾನು ಎರಡು ವರ್ಷದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದವನನ್ನು. ನನ್ನ ಹಣೆಬರಹ ಬರೆದವನಿಗೆ ಅವತ್ತು ಬೇರೆ ಕೆಲಸವಿರಲಿಲ್ಲ ಅಂತ ಕಾಣುತ್ತದೆ.

ತೊಂಬತ್ತೇಳನೇ ಇಸವಿಯ ಶ್ರಾವಣ. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಚಂದ್ರ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ. ಒಳಗೆ ಆರು ಮಗ್ಗಗಳು ಓಡುತ್ತಿದ್ದವು. ಪವರ್‌ಲೂಮ್ ಇರುವ ಮನೆಯಲ್ಲಿ ಮಾತೆಂದರೆ ಕೂಗು. ಅಪ್ಪನೂ ಕೂಗಿಯೇ ಹೇಳಿದರು.

"ಹುಡುಗ ಶಶಿಕುಮಾರ್ ಅಂತ, ಆಡಿಟರ್ ಆಫೀಸಲ್ಲವ್ನೆ. ಮನೇಗೂ ಕೆಲ್ಸ ತರ್ತಾನಂತೆ. ಸಾಯಂಕಾಲ ಆದ್ರೆ ಗೇಮ್ ಆಡೋ ಹುಚ್ಚಂತೆ. ಅವರಮ್ಮ ಅನುಸೂಯಮ್ಮ ಹೇಳಿ ಕಳ್ಸವ್ರೆ, ಸ್ಕೂಟ್ರು ಬೇಡ, ಕಂಪ್ಯೂಟ್ರು ಕೊಡಿ ಅಂತ. ಆ ಟೀವಿ ಥರದ್ದು ಇರ್ತದಲ್ಲ ಮುಂದ್ಗಡೆ, ಅದು ಕೆಲ್ಸಕ್ಕೂ ಆಗ್ಬೇಕಂತೆ, ಆಟಕ್ಕೂ ಆಗ್ಬೇಕಂತೆ."

ರವಿಚಂದ್ರ ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದ. "ನಿಶ್ಚಯ ಆಗೋಯ್ತಾ ಯಜಮಾನ್ರೇ?"

"ಎಲ್ಲಪ್ಪಾ? ಗೌರಿ ಹಬ್ಬ ಕಳೀಲಿ ಅಂದಿದೀನಿ. ತಾಂಬೂಲ ಬದಲಾಯಿಸೋ ತನ್ಕ ಯಾವ್ದೂ ನಿಶ್ಚಯ ಅಲ್ಲ."

ಈ ಮಾತನ್ನು ಅಪ್ಪ ಅವನ ಮುಖ ನೋಡಿಕೊಂಡೇ ಹೇಳಿದರು. ಅವನು ಮಾತ್ರ ಸ್ಕ್ರೂ ನೋಡುತ್ತಿದ್ದ.

"ಯಾವ್ದು ಚೆನ್ನಾಗೈತೋ ನೀನೇ ನೋಡು. ನಿಮ್ಮನೆಗೇ ತಗೊಂಡ್ರೆ ಹೆಂಗೆ ತಗೊಂತೀಯೋ, ಹಂಗೆ ತಗೊಂಬಾ" ಎಂದು ಹೇಳಿ ಅಪ್ಪ ಮಗ್ಗದ ಕಡೆ ಹೋದರು. ಕಿವಿ ಇದ್ದವನಿಗೆ ಇಷ್ಟು ಸಾಕಿತ್ತು.

ಅಪ್ಪನ ಹೆಸರು ದೊಡ್ಡವೆಂಕಟಪ್ಪ. ಎರಡು ವರ್ಷದ ಹಿಂದೆ ಸೀರೆಯ ಡಿಸೈನ್ ಬರೆಯಲೆಂದು ಒಂದು ಹಳೇ ಕಂಪ್ಯೂಟರ್ ತಂದವರು ಅವರೇ. ಮಾನಿಟರ್ ಕಪ್ಪು ಬಿಳುಪಿನದು. ಅದನ್ನು ಜೋಡಿಸಿ ನನಗೆ ಕಲಿಸಲು ಬಂದವನು ರವಿಚಂದ್ರ. ಊರು ಆವತಿ, ಕೆಲಸ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ. ಶಿಫ್ಟು ಮುಗಿಸಿ ಲೂನಾ ಹತ್ತಿ ಬರುತ್ತಿದ್ದ. ಅವರು ಹೊಲದವರು, ನಾವು ಮಗ್ಗದವರು. ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು, ಮನಸ್ಸು ಕೇಳಿಕೊಂಡು ಹೋಗುತ್ತದೆಯೇ?

ಕಪ್ಪು ಬಿಳುಪಿನ ಪರದೆಯಲ್ಲಿ ಸೀರೆ ಬರೆಯುವುದೆಂದರೆ ಕಣ್ಣು ಮುಚ್ಚಿಕೊಂಡು ಹೂ ಕಟ್ಟಿದ ಹಾಗೆ. ನಾನು ಒಂದೊಂದು ಚುಕ್ಕೆಗೂ ಬಣ್ಣ ಹೇಳುತ್ತಿದ್ದೆ. ಅವನು ನಂಬಬೇಕಿತ್ತು.

"ಇದು ಈರುಳ್ಳಿ ಸಿಪ್ಪೆ ಬಣ್ಣ ಸಾರ್."

"ನಂಗೆ ಬೂದಿ ಕಾಣ್ತಿದೆ."

"ಇದು ಬದನೆ."

"ಅದೂ ಬೂದಿ."

"ನಿಮ್ ಕಣ್ಣಲ್ಲೇ ಬೂದಿ ಇರ್ಬೇಕು" ಎಂದು ನಾನು ರೇಷ್ಮೆಯ ಲಡಿಯಿಂದ ಒಂದೆಳೆ ತೆಗೆದು ಪರದೆಯ ಮೇಲೆ ಹಿಡಿಯುತ್ತಿದ್ದೆ. ಅವನು ಎಳೆಯನ್ನು ನೋಡಬೇಕಿತ್ತು. ನೋಡುತ್ತಿದ್ದುದು ನನ್ನ ಬೆರಳನ್ನು. ಆಮೇಲೆ ಸಿಕ್ಕಿಬಿದ್ದ ಮಗುವಿನ ಹಾಗೆ ಕೀಬೋರ್ಡಿನ ಧೂಳು ಒರೆಸುತ್ತಿದ್ದ. ಆ ಕೀಬೋರ್ಡನ್ನು ಅವನು ಒರೆಸಿದಷ್ಟು ನಮ್ಮಮ್ಮ ಮನೆಯನ್ನೂ ಒರೆಸಿರಲಿಲ್ಲ.

ಒಂದು ಸಂಜೆ ಅವನು ಮಗ್ಗದ ಸದ್ದಿನಲ್ಲಿ ಏನೋ ಕೂಗುತ್ತಿದ್ದ. ನನಗೆ ಕೇಳಿಸಲಿಲ್ಲ, "ಏನು?" ಎಂದು ನಾನೂ ಕೂಗಿದೆ. ಅವನು ಮೈಯೆಲ್ಲ ದನಿ ಮಾಡಿಕೊಂಡು "ಬೆಳಿಗ್ಗೆಯಿಂದ ನಿಮ್ಮನ್ನ ನೋಡ್ಬೇಕು ಅಂತ ಅನ್ನಿಸ್ತಿತ್ತು" ಎಂದು ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಆರು ಮಗ್ಗಗಳು ಒಮ್ಮೆಗೇ ನಿಂತವು. ಅವನ ಮಾತು ಮನೆತುಂಬ ಕೇಳಿಸಿತು. ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಬಿತ್ತು.

"ಅಂದ್ರೆ... ನಿಮ್ಮ ಮಾನಿಟರ್‌ನ ನೋಡ್ಬೇಕು ಅಂತ" ಎಂದು ರವಿಚಂದ್ರ ಮೆಲ್ಲಗೆ ಸೇರಿಸಿದ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವನು ಬರುವುದನ್ನೂ ಬೇಡವೆನ್ನಲಿಲ್ಲ. ಬೈದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಬೈಯದೇ ಇದ್ದುದರಿಂದ ಆಸೆ ಹುಟ್ಟಿತು.

ಈಗ ಶಶಿಕುಮಾರನ ಮಾನಿಟರ್‌ಗೆ ಬರೋಣ.

ರವಿಚಂದ್ರ ಬೆಂಗಳೂರಿನಿಂದ ಎರಡು ಮಾನಿಟರ್ ತಂದು ನಮ್ಮ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ನೋಡಿ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸ್ ಕೊಡಬಹುದೆಂದು ಅಂಗಡಿಯವರು ಒಪ್ಪಿದ್ದರಂತೆ. ಒಂದು ಹದಿನಾಲ್ಕು ಇಂಚಿನದು, ಇನ್ನೊಂದು ಹದಿನೈದು. ಎರಡೂ ಬಣ್ಣದವು. ಬಣ್ಣದ ಪರದೆಯನ್ನು ನಮ್ಮ ಮನೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ನೋಡಿ ಸಂತೋಷಪಡಬೇಕಿತ್ತು. ಯಾರ ಮನೆಗೆ ಹೋಗುತ್ತದೆ ಎಂದು ನೆನಪಾಗಿ ಮುಖ ಬೇರೆ ಕಡೆ ತಿರುಗಿಸಿದೆ.

"ಮೊದ್ಲು ಕೆಲ್ಸದ್ದು ನೋಡೋಣ" ಎಂದು ಅವನು ನಮ್ಮ ಕಂಪ್ಯೂಟರ್‌ಗೆ ಒಂದಾದ ಮೇಲೊಂದು ಜೋಡಿಸಿ ಎರಡರಲ್ಲೂ ಅಂಕಿಗಳ ಪಟ್ಟಿ ತೆರೆದ. "ಚಿಕ್ಕದ್ರಲ್ಲಿ ಅಕ್ಷರ ಚೂಪಾಗಿದೆ ನೋಡಿ. ದೊಡ್ಡದ್ರಲ್ಲಿ ಮೂಲೆಗೆ ಹೋದ್ರೆ ಎಂಟು ಯಾವ್ದು, ಮೂರು ಯಾವ್ದು ಗೊತ್ತಾಗಲ್ಲ. ಆಡಿಟರ್ ಆಫೀಸ್ನೋರಿಗೆ ಅದು ಆಗ್ಬರಲ್ಲ."

"ಅವ್ರ ಎಂಟು ಮೂರಾದ್ರೆ ನಂಗೇನು?"

"ಬನಶಂಕರೀ..."

"ಗೇಮ್ ಹಾಕಿ."

ಅವನು ಕಾರಿನ ರೇಸ್ ಹಾಕಿದ. ಚಿಕ್ಕದರಲ್ಲಿ ರಸ್ತೆ ಸಪ್ಪೆಯಾಗಿತ್ತು. ದೊಡ್ಡದರಲ್ಲಿ ಕಾರು ಕುಂಕುಮದ ಕೆಂಪು, ಬೆಟ್ಟ ಗಿಳಿ ಹಸಿರು. ನಾನು ಬಾಣದ ಕೀಲಿಗಳನ್ನು ಒತ್ತಿ ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದೆ. ಅವನು ನಕ್ಕ. ಎರಡನೇ ತಿರುವಿಗೆ ನನ್ನ ಬೆರಳಿನ ಮೇಲೆ ಬೆರಳಿಟ್ಟು, "ಈಗ ನಿಧಾನ... ಈಗ ಬಿಡಿ" ಎಂದ. ನಾನು ಬಿಡಲಿಲ್ಲ. ಕಾರು ಮತ್ತೆ ಗುದ್ದಿತು. ನಾವಿಬ್ಬರೂ ಕೈ ತೆಗೆಯಲಿಲ್ಲ.

"ಇದನ್ನೇ ಅವ್ರೂ ಆಡ್ತಾರಾ?" ಎಂದು ಕೇಳಿದೆ. ಕೇಳಬಾರದಿತ್ತು. ಅವನ ಬೆರಳು ಹಿಂದೆ ಹೋಯಿತು.

"ಆಡ್ಬೋದು. ನೀವು ಪಕ್ಕದಲ್ಲಿ ಕೂತ್ಕೊಂಡು ನೋಡ್ಬೋದು."

ನನಗೆ ಸಿಟ್ಟು ನೆತ್ತಿಗೇರಿತು. "ಎಷ್ಟು ಚೆನ್ನಾಗಿ ಹೇಳ್ತೀರ್ರೀ! ಕಣ್ಣಿಗೆ ಯಾವ್ದು ಒಳ್ಳೇದು, ಕೂತು ನೋಡೋಕೆ ಯಾವ್ದು ಒಳ್ಳೇದು... ನನ್ನ ಸಂಸಾರಾನ ನೀವೇ ಫಿಟ್ ಮಾಡಿ ಹೋಗಿ. ಪ್ಲಗ್ಗೂ ಚುಚ್ಚಿ ಹೋಗಿ."

ಅವನು ತಲೆ ತಗ್ಗಿಸಿದ. ತಲೆ ತಗ್ಗಿಸಿದರೆ ಅವನು ತುಂಬಾ ಚೆನ್ನಾಗಿ ಕಾಣುತ್ತಿದ್ದ, ಅದು ಬೇರೆ ಕರ್ಮ. ಹುಬ್ಬಿನ ಮೇಲೆ ಕೂದಲು ಬೀಳುತ್ತಿತ್ತು. ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

"ನಾನೇನ್ ಮಾಡ್ಲಿ ಹೇಳಿ" ಎಂದ.

"ಅಪ್ಪನ ಹತ್ರ ಬಂದು ಕೇಳಿ. ನನ್ನ ಕೊಡಿ ಅಂತ ಕೇಳಿ. ಹೆಣ್ಣಿನ ಕಡೆಯೋರು ಬಂದು ಕೇಳೋಕಾಗುತ್ತಾ? ಇಲ್ಲ ಅಂದ್ರೆ ಇಲ್ಲ ಅಂತಾರೆ. ಹೊಡೆದ್ರೆ ಹೊಡೀತಾರೆ. ಕೇಳಿ."

"ಅವ್ರು ನನ್ನ ನಂಬಿ ಮನೆಯೊಳಗೆ ಬಿಟ್ಕೊಂಡವ್ರೆ."

"ಅದಕ್ಕೇ ಕೇಳಿ ಅಂತಿರೋದು."

ಅವನು ಎದ್ದು ಎರಡೂ ಮಾನಿಟರ್‌ಗಳ ಸ್ವಿಚ್ ಆರಿಸಿದ. ಆಮೇಲೆ ನನ್ನ ಕಡೆ ತಿರುಗಿ, ಕಣ್ಣಿಗೆ ಕಣ್ಣು ಕೊಟ್ಟು, "ಇವೆರಡೂ ಬೇಡ. ಎರಡಕ್ಕೂ ಆಗೋದು ಒಂದಿದೆ. ಹದಿನೈದು ಇಂಚೇ, ಆದ್ರೆ ಚುಕ್ಕೆ ಸಣ್ಣ, ಅಕ್ಷರಾನೂ ಚೂಪು, ಬಣ್ಣಾನೂ ಚೆನ್ನ. ಭಾನುವಾರ ಅದನ್ನ ತರ್ತೀನಿ. ಅವತ್ತೇ ಯಜಮಾನ್ರನ್ನ ಕೇಳ್ತೀನಿ" ಎಂದ.

"ಆಣೆ?"

"ನಿಮ್ಮಾಣೆ."

ನನ್ನಾಣೆ! ಅಷ್ಟು ಸಿಹಿಯಾದ ಮಾತನ್ನು ಆ ಕೋಣೆಯಲ್ಲಿ ಯಾರೂ ಆಡಿರಲಿಲ್ಲ. ನಾನು ಆ ವಾರವೆಲ್ಲ ಸೀರೆಯ ಅಂಚಿನಲ್ಲಿ ನವಿಲು ಬರೆದೆ. ಒಂದಕ್ಕೂ ತಲೆ ಬಗ್ಗಲಿಲ್ಲ. ನನ್ನ ಡಿಸೈನ್ ನೋಡಿಕೊಂಡು ಮಗ್ಗದ ಜಕಾರ್ಡ್ ರಟ್ಟಿಗೆ ತೂತು ಹೊಡೆಯುವ ಗೋಪಾಲಪ್ಪ ಬಂದು ನೋಡಿ, "ಏನವ್ವ, ನಿನ್ ನವಿಲೆಲ್ಲ ಆಕಾಶ ನೋಡ್ತಾ ಅವೆ" ಎಂದು ಹೋದ.

ಭಾನುವಾರ ಬೆಳಿಗ್ಗೆ ಅಮ್ಮ ಒಬ್ಬಟ್ಟು ಮಾಡಿದಳು. ಮಾನಿಟರ್ ಮನೆಗೆ ಬರುತ್ತದೆಂದು ಯಾರಾದರೂ ಒಬ್ಬಟ್ಟು ಮಾಡುತ್ತಾರೆಯೇ? ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು.

ರವಿಚಂದ್ರ ಆಟೋದಲ್ಲಿ ಬಂದ. ಮಾನಿಟರ್ ಡಬ್ಬವನ್ನು ತೊಡೆಯ ಮೇಲೆ ಮಗುವಿನಂತೆ ಇಟ್ಟುಕೊಂಡಿದ್ದ. ಜೋಡಿಸಿ, ಸ್ವಿಚ್ ಹಾಕಿದ. ಅಂಕಿಗಳ ಪಟ್ಟಿ ತೆರೆದ, ಪ್ರತಿ ಅಂಕಿಯೂ ಕೊರೆದಿಟ್ಟ ಹಾಗಿತ್ತು. ಆಟ ಹಾಕಿದ, ಕಾರು ಒಂದು ಚೂರೂ ಮಸುಕಾಗದೆ ಓಡಿತು. ನಾನು ನನ್ನ ಸೀರೆಯ ಡಿಸೈನ್ ತೆರೆದು ರೇಷ್ಮೆಯ ಎಳೆ ತಂದು ಪರದೆಯ ಮೇಲೆ ಹಿಡಿದೆ. ಈರುಳ್ಳಿ ಸಿಪ್ಪೆಯ ಬಣ್ಣ ಎಳೆಯಲ್ಲೂ ಒಂದೇ, ಗಾಜಿನಲ್ಲೂ ಒಂದೇ.

"ಈಗ ಬೂದಿ ಕಾಣ್ತದಾ?" ಎಂದೆ.

"ಇಲ್ಲ. ಈಗ ನೀವು ಹೇಳಿದ್ದೆಲ್ಲ ನಿಜ ಅಂತ ಗೊತ್ತಾಯ್ತು" ಎಂದು ಅವನು ನಕ್ಕ. ಅವನ ಹಣೆಯಲ್ಲಿ ಬೆವರಿತ್ತು. ಕೇಳಲು ಸಿದ್ಧನಾಗುತ್ತಿದ್ದಾನೆ ಎಂದುಕೊಂಡೆ.

ಆಗ ಅಪ್ಪ ಎದ್ದು ಹೋಗಿ ಮಗ್ಗಗಳ ಸ್ವಿಚ್ಚನ್ನು ತಾವೇ ಒಂದೊಂದಾಗಿ ಆರಿಸಿದರು. ಕರೆಂಟಿದ್ದಾಗ ಅಪ್ಪ ಮಗ್ಗ ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಅಮ್ಮ ಒಳಗಿನಿಂದ ಹಿತ್ತಾಳೆ ತಟ್ಟೆ ತಂದಳು. ಎಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ರವಿಚಂದ್ರನ ಮುಂದೆ ಇಟ್ಟರು.

"ದೊಡ್ಡ ಕೆಲ್ಸ ಮಾಡ್ಕೊಟ್ಟಿದೀಯ ಕಣಪ್ಪಾ. ಏನು ಬೇಕು ಕೇಳು."

ನಮ್ಮ ಮನೆಯಲ್ಲಿ ತಾತನ ಕಾಲದಿಂದ ಈ ರೂಢಿ ಇದೆ. ಅಪರೂಪದ ಕೆಲಸ ಮಾಡಿಕೊಟ್ಟವರ ಮುಂದೆ ತಟ್ಟೆ ಇಟ್ಟು ಹೀಗೆ ಕೇಳುತ್ತಾರೆ. ಬಾಯುಪಚಾರಕ್ಕೆ ಕೇಳುವುದಲ್ಲ. ಅವರು ಬಾಯಿಬಿಟ್ಟು ಕೇಳಿದ್ದನ್ನು ಕೊಡಲೇಬೇಕು. ಹಿಂದೊಮ್ಮೆ ಗೋಪಾಲಪ್ಪನ ಮುಂದೆ ತಟ್ಟೆ ಇಟ್ಟಾಗ ಅವನು ಓಡುತ್ತಿದ್ದ ಮಗ್ಗವನ್ನೇ ಕೇಳಿದ್ದ. ಅಮ್ಮ ತಿಂಗಳುಗಟ್ಟಲೆ ಗೊಣಗಿದಳು, ಅಪ್ಪ ಮಾತ್ರ ಮರುದಿನವೇ ಮಗ್ಗವನ್ನು ಗಾಡಿಗೆ ಹೇರಿಸಿ ಅವನ ಮನೆಗೆ ಕಳಿಸಿದರು.

ಒಂದು ಮಾನಿಟರ್ ತಂದುಕೊಟ್ಟದ್ದಕ್ಕೆ ಅಪ್ಪ ಈ ತಟ್ಟೆ ಇಡುವವರಲ್ಲ. ಹೆಣ್ಣು ಹೆತ್ತವರು ತಾವಾಗಿ ಬಾಯಿಬಿಡುವಂತಿಲ್ಲ, ಆದ್ದರಿಂದ ಅವನ ಬಾಯಿಗೆ ದಾರಿ ಮಾಡಿಕೊಟ್ಟಿದ್ದರು. ಅಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಳು. ನಾನು ಅವನಿಂದ ಒಂದು ಮೊಳ ದೂರದಲ್ಲಿದ್ದೆ. ಕೇಳು, ಕೇಳು, ಕೇಳು ಎಂದು ಮೈಯೆಲ್ಲ ಹೇಳುತ್ತಿತ್ತು.

"ಏನೂ ಬೇಡ ಯಜಮಾನ್ರೇ. ನಿಮ್ಮ ಆಶೀರ್ವಾದ ಇದ್ರೆ ಸಾಕು" ಎಂದ.

"ಆಶೀರ್ವಾದ ಇದ್ದೇ ಐತೆ. ಮುಲಾಜು ಬೇಡ, ಕೇಳು."

ರವಿಚಂದ್ರ ನನ್ನನ್ನು ನೋಡಿದ. ಆ ನೋಟ ನನಗೆ ಇವತ್ತಿಗೂ ಬೇಕು, ಇವತ್ತಿಗೂ ಬೇಡ. ಅದರಲ್ಲಿ ಎಲ್ಲವೂ ಇತ್ತು. ಆಮೇಲೆ ಅವನು ಕಣ್ಣು ತೆಗೆದು ಮೂಲೆಯ ಕಡೆ ನೋಡಿದ.

"ಹಂಗಾದ್ರೆ... ಆ ಹಳೇ ಕಪ್ಪು ಬಿಳುಪು ಮಾನಿಟರ್ ಕೊಡಿ. ಹೆಂಗೂ ಹಳೇದಾಯ್ತಲ್ಲ."

ಅಮ್ಮ ಒಳಗೆ ಹೋದಳು. ಅಪ್ಪ ತಟ್ಟೆಯನ್ನು ಇನ್ನೂ ಒಂದು ಗೇಣು ಅವನ ಕಡೆ ಸರಿಸಿದರು.

"ಅಷ್ಟೇನಾ?"

"ಅಷ್ಟೇ."

"ತಗೊಂಡೋಗಪ್ಪಾ" ಎಂದರು ಅಪ್ಪ. ತಾವೇ ಮಾನಿಟರ್ ಎತ್ತಿ, ಧೂಳು ಒರೆಸಿ, ಅವನ ಕೈಗೆ ಕೊಟ್ಟರು. ಅವನು ಅದನ್ನು ಎದೆಗೊತ್ತಿಕೊಂಡು ಹೊರಟ. ಒಬ್ಬಟ್ಟು ತಿನ್ನಲು ಯಾರೂ ಕರೆಯಲಿಲ್ಲ.

ಸಂಜೆ ಅಪ್ಪ ನನ್ನನ್ನು ಜಗುಲಿಗೆ ಕರೆದರು. "ಅವನು ಕೇಳ್ತಾನೆ ಅಂತ ಕಾದೆ ಕಣಮ್ಮಾ. ನಿಮ್ಮಮ್ಮಂಗೂ ಒಪ್ಪಿಸಿದ್ದೆ. ನೀನು ಹ್ಞೂ ಅನ್ನು, ನಾನೇ ಆವತಿಗೆ ಹೋಗಿ ಅವರಪ್ಪನ ಹತ್ರ ಮಾತಾಡ್ತೀನಿ. ಜನ ಏನಾದ್ರೂ ಅಂದ್ಕೊಳ್ಳಿ."

ಅಪ್ಪನಂಥ ಅಪ್ಪ ಎಷ್ಟು ಜನಕ್ಕೆ ಸಿಗುತ್ತಾರೆ? ಅವರ ಕಾಲು ಹಿಡಿದುಕೊಂಡು ಹ್ಞೂ ಎನ್ನಬೇಕೆಂದು ಬಾಯಿಗೆ ಬಂತು. ಬಂದದ್ದನ್ನು ನುಂಗಿದೆ. "ನಾಳೆ ಹೇಳ್ತೀನಿ ಅಪ್ಪಾ" ಎಂದೆ. ಮೊದಲು ಅವನ ಬಾಯಿಂದ ಕೇಳಬೇಕಿತ್ತು, ಯಾಕೆ ಹೀಗೆ ಮಾಡಿದೆ ಎಂದು.

ಮರುದಿನ ಮಧ್ಯಾಹ್ನ ಬಸ್ಸು ಹತ್ತಿ ಬಾಶೆಟ್ಟಿಹಳ್ಳಿಗೆ ಹೋದೆ. ಶಿಫ್ಟು ಬಿಡುವ ಹೊತ್ತು. ಊಟದ ಡಬ್ಬ ಹಿಡಿದ ಜನ ಗೇಟಿನಿಂದ ಹರಿದು ಬರುತ್ತಿದ್ದರು. ರವಿಚಂದ್ರ ಲೂನಾ ತಳ್ಳಿಕೊಂಡು ಬಂದವನು ನನ್ನನ್ನು ಕಂಡು ಮುಖ ಅರಳಿಸಿದ. ಅರಳಿದ ಮುಖ ನೋಡಿ ನನಗೆ ಅಳು ಬಂತು. ಅಳಲಿಲ್ಲ.

"ಯಾಕೆ ಅದನ್ನ ಕೇಳಿದ್ರಿ?"

"ನಿಮ್ ಮುಂದೇನೇ ಕೇಳೋಕೆ ಬಾಯಿ ಬರ್ಲಿಲ್ಲ. ನಮ್ಮೂರಲ್ಲಿ ದೊಡ್ಡೋರು ಏನು ಬೇಕು ಕೇಳು ಅಂದ್ರೆ ಬೇಡ ಅನ್ಬೇಕು. ಬಲವಂತ ಮಾಡಿದ್ರೆ ಸಣ್ಣದೊಂದು ಕೇಳ್ಬೇಕು. ಅದು ಮರ್ಯಾದೆ. ಅವ್ರು ಅಷ್ಟು ವಿಶ್ವಾಸದಿಂದ ತಟ್ಟೆ ಇಟ್ರೆ, ನಿಮ್ ಮಗಳನ್ನೇ ಕೊಡಿ ಅಂತ ಹೆಂಗೆ ಕೇಳ್ಲಿ? ಇನ್ನೊಂದಿನ ಸಮಯ ನೋಡಿ..." ಅವನು ದನಿ ತಗ್ಗಿಸಿದ. "ಮತ್ತೆ, ಅದ್ರಲ್ಲಿ ನೀವು ಎರಡು ವರ್ಷ ಕೈಯಿಟ್ಟಿದೀರ. ನೀವು ಹೋದ್ಮೇಲೆ ನಂಗೆ ಅಂತ ಅದಾದ್ರೂ ಇರ್ಲಿ ಅನ್ನಿಸ್ತು."

"ನಾನು ಹೋದ್ಮೇಲೆ?"

ಅವನು ಲೂನಾದ ಹ್ಯಾಂಡಲ್ ಒರೆಸತೊಡಗಿದ.

"ಕೇಳೋಕೆ ಮುಂಚೇನೇ ನನ್ನ ಕಳಿಸ್ಕೊಟ್ಟು, ನೆನಪಿಗೊಂದು ಡಬ್ಬಾನೂ ಎತ್ತಿಟ್ಕೊಂಡ್ರಾ ರವಿ?" ಮೊದಲ ಸಲ ನಾನು ಅವನನ್ನು ಸಾರ್ ಅನ್ನದೆ ಹೆಸರು ಹಿಡಿದು ಕರೆದದ್ದು. ಅದು ಇಂಥ ಮಾತಿಗೆ ಖರ್ಚಾಯಿತು. "ನಾನು ಪಕ್ಕದಲ್ಲೇ ನಿಂತಿದ್ನಲ್ರೀ."

ಆಮೇಲೆ ಹೇಳಿದೆ. ತಟ್ಟೆಯ ರೂಢಿ ಹೇಳಿದೆ. ಗೋಪಾಲಪ್ಪನ ಮಗ್ಗ ಹೇಳಿದೆ. ಒಬ್ಬಟ್ಟು ಯಾತಕ್ಕೆ ಎಂದು ಹೇಳಿದೆ. ಅವನ ಮುಖದ ಬಣ್ಣ ಇಳಿಯುತ್ತ ಹೋಯಿತು. ಲೂನಾ ಅವನ ಕೈಯಿಂದ ಜಾರಿ ರಸ್ತೆಗೆ ಬಿತ್ತು, ಅವನು ಎತ್ತಲಿಲ್ಲ.

"ನಂಗೊತ್ತಿರ್ಲಿಲ್ಲ ಬನಶಂಕರೀ. ದೇವ್ರಾಣೆ ಗೊತ್ತಿರ್ಲಿಲ್ಲ. ನಡೀರಿ, ಈಗ್ಲೇ ಬರ್ತೀನಿ. ಈಗ್ಲೇ ಕೇಳ್ತೀನಿ. ಅವ್ರ ಕಾಲಿಗೆ ಬಿದ್ದು ಕೇಳ್ತೀನಿ."

"ಈಗ ಕೇಳ್ತೀರ. ಕೊಡ್ತಾರೆ ಅಂತ ಗೊತ್ತಾಯ್ತಲ್ಲ."

ಅವನ ಕಣ್ಣಲ್ಲಿ ನೀರು ಬಂತು. ನನಗೆ ಅದನ್ನು ಒರೆಸಬೇಕೆನಿಸಿತು, ಅಷ್ಟು ಜನರ ಮಧ್ಯೆ, ಯಾರು ನೋಡಿದರೂ ನೋಡಲಿ ಎಂದು. ಬೆರಳು ಮೇಲೆದ್ದದ್ದೂ ಹೌದು. ಆದರೆ ನಾನು ಇಡೀ ಆಯಸ್ಸು ಅವನ ಪಕ್ಕದಲ್ಲಿ ನಿಂತು ಅವನು ಯಾವಾಗ ಬಾಯಿಬಿಡುತ್ತಾನೋ ಎಂದು ಕಾಯುತ್ತಿರುವುದು ಕಣ್ಣಿಗೆ ಕಟ್ಟಿತು. ಬಾಡಿಗೆ ಮನೆಯವನು ದಬಾಯಿಸಿದಾಗ, ಅವನ ಅಣ್ಣತಮ್ಮಂದಿರು ನನ್ನನ್ನು ಮಗ್ಗದವಳು ಎಂದಾಗ, ನಾಳೆ ಮಗುವಿಗೆ ಸ್ಕೂಲಿನಲ್ಲಿ ಸೀಟು ಬೇಕಾದಾಗ. ಅವನು ಒಳ್ಳೆಯವನಾಗಿಯೇ ಇರುತ್ತಾನೆ, ಸಣ್ಣದೊಂದನ್ನು ಕೇಳಿಕೊಂಡು ಬರುತ್ತಾನೆ.

ಬಸ್ಸು ಬಂತು. ಹತ್ತಿದೆ. ಅವನು ಕಿಟಕಿಯ ಜೊತೆಗೆ ನಾಲ್ಕು ಹೆಜ್ಜೆ ಬಂದು, "ಒಂದು ಸಲ, ಒಂದೇ ಸಲ" ಎಂದ. ಕಂಡಕ್ಟರ್ ವಿಷಲ್ ಹಾಕಿದ. ನಾನು ಹಿಂತಿರುಗಿ ನೋಡಿದೆ. ನೋಡಲಿಲ್ಲ ಎಂದು ಸುಳ್ಳು ಹೇಳಲಾರೆ.

ಮನೆಗೆ ಬಂದಾಗ ಅಪ್ಪ ಜಗುಲಿಯ ಮೇಲೆ ಕೂತಿದ್ದರು. ಎಲ್ಲಿಗೆ ಹೋಗಿದ್ದೆ ಎಂದು ಕೇಳಲಿಲ್ಲ.

"ಏನಂದ?"

"ಈಗ್ಲೇ ಬಂದು ಕೇಳ್ತೀನಿ ಅಂದ್ರು."

"ಬರ್ಲಿ ಬಿಡು. ನಾನೇನೂ ಮನಸ್ಸಲ್ಲಿ ಇಟ್ಕೊಂಡಿಲ್ಲ."

"ಬೇಡ ಅಂದೆ."

ಅಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಅವನ ಮೇಲೆ ಮನಸ್ಸಿಲ್ವಾ ಈಗ?"

"ಐತೆ ಅಪ್ಪಾ. ಇದ್ದಷ್ಟೂ ಐತೆ." ಆಗ ಅಳು ಬಂದೇಬಿಟ್ಟಿತು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು. ಅಳು ನಿಲ್ಲುವ ತನಕ ಕೈ ತೆಗೆಯಲಿಲ್ಲ. ಮುಖ ಒರೆಸಿಕೊಂಡು ಹೇಳಿದೆ: "ಅನುಸೂಯಮ್ಮೋರಿಗೆ ತಾಂಬೂಲಕ್ಕೆ ಬರೋಕೆ ಹೇಳಿ."

"ಯೋಚ್ನೆ ಮಾಡಿ ಹೇಳ್ತಿದೀಯೇನಮ್ಮಾ?"

"ಹೇಳಿ."

ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಎಸ್‌ಟಿಡಿ ಬೂತ್ ಇದ್ದದ್ದು ಬೀದಿಯ ಕೊನೆಗೆ. ನಾಲ್ಕು ಹೆಜ್ಜೆ ಹೋಗಿ ನಿಂತು ತಿರುಗಿ ನನ್ನ ಮುಖ ನೋಡಿದರು. ನಾನು ತಡೆಯಲಿ ಎಂದು ಕಾಯುತ್ತಿದ್ದರು.

"ಹೋಗ್ಬನ್ನಿ ಅಪ್ಪಾ" ಎಂದೆ.